ಪದ ಪರಿಚಯ: ಬಾತ್ಮೀದಾರ

‘ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿ ಮೇರೆಗೆ ಪೊಲೀಸರು ದಾಳಿ ನಡೆಸಿ...’ ಈಗ ಬಾತ್ಮೀದಾರ ಎಂಬ ಮಾತು ಕಣ್ಣಿಗೆ ಬೀಳುವುದು ಹೆಚ್ಚಾಗಿ ಇಂಥ ಅಪರಾಧ ಸುದ್ದಿಗಳಲ್ಲೇ. ಗುಟ್ಟಾಗಿ ಸುಳಿವು ಕೊಡುವವನು ಎಂಬಲ್ಲಿಗೆ ಅದರ ಅರ್ಥ ಕುಗ್ಗಿದೆ. ಹಿಂದಿನ ತಲೆಮಾರಿನ ಓದುಗರಿಗೆ ಹಾಗಿರಲಿಲ್ಲ. ಸುದ್ದಿಯ ನೆತ್ತಿಯ ಮೇಲೆ ‘ನಮ್ಮ ವಿಶೇಷ ಬಾತ್ಮೀದಾರರಿಂದ’ ಎಂಬ ಸಾಲಿದ್ದರೆ ಆ ಸುದ್ದಿಗೊಂದು ತೂಕ.

ಮರಾಠಿಯಲ್ಲಿ ‘ಬಾತಮಿ’ ಎಂದರೆ ಸುದ್ದಿ. ಅದನ್ನು ತರುವವನು ಬಾತ್ಮೀದಾರ. ಇಂಗ್ಲಿಷಿನ ಕರೆಸ್ಪಾಂಡೆಂಟ್‌ಗೆ ನಾವು ಈ ಪದವನ್ನು ಒಗ್ಗಿಸಿಕೊಂಡೆವು. ಆ ಇಂಗ್ಲಿಷ್ ಪದದ ಬೇರಿನಲ್ಲಿರುವುದು ಕಾಗದ ಬರೆಯುವವನು: ಪರಸ್ಥಳದಲ್ಲಿ ಇದ್ದುಕೊಂಡು, ಅಲ್ಲಿ ಕಂಡದ್ದನ್ನು ಬರೆದು ಕಳಿಸುವವನು. ‘ಇದ್ದುಕೊಂಡು’ ಎಂಬುದರಲ್ಲೇ ಈ ಪದದ ಜೀವವಿದೆ ಎಂದು ನನ್ನ ನಂಬಿಕೆ. ಹಾಗೇಕೆ ಎಂದು ತಿಳಿಯಲು ಜಾರ್ಜ್ ಅರ್ನೆಸ್ಟ್ ಮಾರಿಸನ್‌ನ ಬದುಕನ್ನು ನೋಡಬೇಕು.

ಆತ 1862ರಲ್ಲಿ ಆಸ್ಟ್ರೇಲಿಯಾದ ಗೀಲಾಂಗ್‌ನಲ್ಲಿ ಹುಟ್ಟಿದ. ಕಾಲಲ್ಲಿ ಚಕ್ರ ಕಟ್ಟಿಕೊಂಡವನು. ಇಪ್ಪತ್ತು ದಾಟುವ ಹೊತ್ತಿಗೆ ಉತ್ತರದ ಕಡಲಂಚಿನಿಂದ ದಕ್ಷಿಣದ ಮೆಲ್ಬರ್ನ್‌ವರೆಗೆ 2,000 ಮೈಲಿಗೂ ಹೆಚ್ಚು ದೂರವನ್ನು 123 ದಿನಗಳಲ್ಲಿ ನಡೆದೇ ಮುಗಿಸಿದ್ದ. ನ್ಯೂಗಿನಿಯಲ್ಲಿ ಮೈಗೆ ನಾಟಿದ ಈಟಿಯ ಮೊನೆಯನ್ನು ತೆಗೆಸಿಕೊಳ್ಳಲು ಎಡಿನ್‌ಬರೋಗೆ ಹೋದವನು ಅಲ್ಲೇ ಓದಿ ಡಾಕ್ಟರನೂ ಆದ. 1894ರಲ್ಲಿ ಶಾಂಘೈನಿಂದ ಬರ್ಮಾಕ್ಕೆ ಹೊರಟ. ಮೊದಲು ಯಾಂಗ್ಟ್ಸಿ ನದಿಯ ಮೇಲೆ, ಚಾಂಗ್‌ಚಿಂಗ್‌ನಿಂದಾಚೆಗೆ ಬಹುಪಾಲು ಕಾಲ್ನಡಿಗೆ. ಮೈಮೇಲೆ ಹತ್ತಿ ತುಂಬಿದ ಚೀನೀ ನಿಲುವಂಗಿ, ತಲೆಗೆ ಚೀನೀ ಟೋಪಿ, ಬೆನ್ನ ಮೇಲೆ ಇಳಿಬಿದ್ದ ಕಟ್ಟುಜಡೆ. ಕೈಯಲ್ಲಿ ಆಯುಧವಿಲ್ಲ, ಬಾಯಲ್ಲಿ ಚೀನೀ ಭಾಷೆಯೂ ಇಲ್ಲ. ಆ ಪ್ರವಾಸದ ಕಥನ ಓದಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಆತನನ್ನು ಕರೆಯಿತು. 1897ರಲ್ಲಿ ಪೀಕಿಂಗ್‌ನಲ್ಲಿ, ಅಂದರೆ ಇಂದಿನ ಬೀಜಿಂಗ್‌ನಲ್ಲಿ, ಮನೆ ಮಾಡಿದ. ನಡೆದಾಟದ ಸಾಹಸಿ ಬಾತ್ಮೀದಾರನಾದದ್ದು ಅಲ್ಲಿಂದ.

1900ರ ಬೇಸಿಗೆಯಲ್ಲಿ ವಿದೇಶಿಯರ, ಕ್ರೈಸ್ತರ ವಿರುದ್ಧ ಚೀನೀಯರ ಬಾಕ್ಸರ್ ದಂಗೆ ಪೀಕಿಂಗ್‌ಗೂ ಹಬ್ಬಿತು. ಜೂನ್ 20ರಿಂದ ವಿದೇಶಿ ರಾಯಭಾರ ಕಚೇರಿಗಳ ಕೇರಿಗೆ ಮುತ್ತಿಗೆ. ತಂತಿಗಳು ಕಡಿದಿದ್ದವು. ಮಾರಿಸನ್ ಒಳಗಿದ್ದ. ಚೀನೀ ಕ್ರೈಸ್ತರನ್ನು ಸು ರಾಜಕುಮಾರನ ಅರಮನೆಯ ಆವರಣಕ್ಕೆ ಕರೆತಂದು ಉಳಿಸಿದವರಲ್ಲಿ ಆತನೂ ಒಬ್ಬ. ಜುಲೈ 16ರಂದು ಆತನ ತೊಡೆಗೆ ಗುಂಡು ತಗುಲಿತು. ಜೊತೆಗಿದ್ದ ಬ್ರಿಟಿಷ್ ಕಾವಲುಪಡೆಯ ಕ್ಯಾಪ್ಟನ್ ಸ್ಟ್ರೌಟ್ಸ್ ಸತ್ತ.

ಅದೇ ಜುಲೈ 16ರಂದು ಲಂಡನ್ನಿನ ‘ಡೈಲಿ ಮೇಲ್’ ಪೀಕಿಂಗ್‌ನ ವಿದೇಶಿಯರೆಲ್ಲರ ಕಗ್ಗೊಲೆಯಾಯಿತು ಎಂದು ಅಚ್ಚು ಹಾಕಿತು. ಅದೂ ವಿಶೇಷ ಬಾತ್ಮೀದಾರನದೇ ತಂತಿ. ಬಂದದ್ದು ಮಾತ್ರ ಶಾಂಘೈನಿಂದ, ಪೀಕಿಂಗ್‌ಗೆ ಸಾವಿರ ಕಿಲೊಮೀಟರ್‌ಗೂ ಆಚೆಯಿಂದ. ಮರುದಿನ ‘ಟೈಮ್ಸ್’ ತನ್ನ ಬಾತ್ಮೀದಾರನ ಮರಣಲೇಖನವನ್ನೇ ಪ್ರಕಟಿಸಿತು. ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಶ್ರದ್ಧಾಂಜಲಿ ಪ್ರಾರ್ಥನೆಗೂ ಏರ್ಪಾಡಾಗಿ, ಅನುಮಾನ ಹುಟ್ಟಿದ ಮೇಲೆ ನಿಂತಿತು. ಮುತ್ತಿಗೆ ತೆರವಾದದ್ದು ಆಗಸ್ಟ್ 14ರಂದು, 55 ದಿನಗಳಾದ ಮೇಲೆ. ಊರಗೋಡೆಯ ಕೆಳಗಿನ ನೀರಿನ ತೂಬಿನಿಂದ ಮೊದಲು ಒಳನುಗ್ಗಿದವರು ಬಿಡಿಸಲು ಬಂದ ಬ್ರಿಟಿಷ್ ಸೇನೆಯ ಭಾರತೀಯ ಸಿಪಾಯಿಗಳು. ಮಾರಿಸನ್ ಬರೆದ ಮುತ್ತಿಗೆಯ ದೀರ್ಘ ವೃತ್ತಾಂತ ಅಕ್ಟೋಬರ್‌ನಲ್ಲಿ ಅಚ್ಚಾಯಿತು.

ಸುದ್ದಿಯ ಆರಂಭದಲ್ಲಿ ದಪ್ಪಕ್ಷರದಲ್ಲಿ ಊರ ಹೆಸರು ಇರುತ್ತದಲ್ಲ, ಡೇಟ್‌ಲೈನ್ ಅನ್ನುತ್ತಾರೆ, ನಾವು ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತೇವೆ. ಶಾಂಘೈ ಎಂಬ ಆ ಒಂದು ಪದವನ್ನು ಆ ದಿನ ನಿಂತು ಓದಿದ್ದರೆ, ಬರೆದವನು ಇದನ್ನು ಕಂಡನೋ ಕೇಳಿದನೋ ಎಂದು ಯಾರಾದರೂ ಪ್ರಶ್ನಿಸಬಹುದಿತ್ತು.

ಅಲ್ಲಿದ್ದು ಕಂಡವನಿಗೂ ಎಲ್ಲವೂ ಕಾಣುತ್ತದೆ ಎಂದೇನಲ್ಲ. ಮಾರಿಸನ್ ವರ್ಷಗಟ್ಟಲೆ ಪೀಕಿಂಗ್‌ನಲ್ಲಿದ್ದರೂ ಚೀನೀ ಭಾಷೆ ಓದಲಾರ. ಆತನಿಗೆ ಅನುವಾದಿಸಿ ಕೊಡುತ್ತಿದ್ದವರಲ್ಲಿ ಎಡ್ಮಂಡ್ ಬ್ಯಾಕ್‌ಹೌಸ್ ಒಬ್ಬ. ಖೊಟ್ಟಿ ದಾಖಲೆಗಳ ಸೃಷ್ಟಿಗೆ ಮುಂದೆ ಕುಖ್ಯಾತನಾದದ್ದು ಇದೇ ಬ್ಯಾಕ್‌ಹೌಸ್. ಮಾರಿಸನ್ ಬರೆಯುತ್ತಿದ್ದುದು ಸಾಮ್ರಾಜ್ಯದ ಓದುಗರಿಗೆ, ಸಾಮ್ರಾಜ್ಯದ ಹಿತವನ್ನು ಮನಸ್ಸಿನಲ್ಲಿಟ್ಟುಕೊಂಡು. ಆತನ ಮಾತನ್ನು ಒರೆಗೆ ಹಚ್ಚಿ ನೋಡಬಲ್ಲ ಚೀನೀಯರ ದನಿ ಲಂಡನ್ನಿಗೆ ತಲುಪುತ್ತಿದ್ದದ್ದು ತೀರಾ ವಿರಳ. 1912ರಲ್ಲಿ ಪತ್ರಿಕೆ ಬಿಟ್ಟು ಚೀನಾದ ಅಧ್ಯಕ್ಷ ಯುವಾನ್ ಶಿಕೈಗೆ ಸಲಹೆಗಾರನಾದಾಗ, ಸುದ್ದಿ ಬರೆಯುವುದಕ್ಕೂ ಸುದ್ದಿಯನ್ನು ಆಗುಮಾಡುವುದಕ್ಕೂ ನಡುವಿನ ಗೆರೆ ಪೂರ್ತಿ ಅಳಿಸಿಹೋಯಿತು.

ಚೀನಾ ಕುರಿತು ಆತ ಕೂಡಿಹಾಕಿದ್ದ ಸುಮಾರು 24,000 ಪುಸ್ತಕಗಳು 1917ರಲ್ಲಿ 35,000 ಪೌಂಡಿಗೆ ಜಪಾನಿನ ಉದ್ಯಮಿ ಇವಾಸಾಕಿ ಹಿಸಾಯಾ ಪಾಲಾದವು. ಟೋಕಿಯೊದ ತೋಯೋ ಬುಂಕೋ ಗ್ರಂಥಾಲಯ ಬೆಳೆದದ್ದು ಅವುಗಳಿಂದಲೇ. ಅಷ್ಟೂ ಪುಸ್ತಕಗಳು ಹೆಚ್ಚುಕಡಿಮೆ ಯುರೋಪಿನ ಭಾಷೆಗಳವು.