ಐರನ್ ಕ್ರಾಸ್: ನಾಲ್ಕು ಯುದ್ಧ ಕಂಡ ಪದಕ

ಜರ್ಮನಿಯ ಹಳೆಯ ಐರನ್ ಕ್ರಾಸ್ ಎಲ್ಲಾದರೂ ಮಾರಾಟಕ್ಕೆ ಬಂದರೆ ವಾದವೂ ಜೊತೆಗೇ ಬರುತ್ತದೆ. ಕೆಲವರಿಗೆ ಅದು ಶೌರ್ಯದ ಗುರುತು, ಕೆಲವರಿಗೆ ನಾಜಿಗಳ ಗುರುತು. ಮೊದಲು ನೋಡಬೇಕಾದ್ದು ಪದಕದ ಮೇಲಿನ ವರ್ಷ.

ಶುರುವಾಗಿದ್ದು 1813ರಲ್ಲಿ. ನೆಪೋಲಿಯನ್ ವಿರುದ್ಧ ಯುದ್ಧಕ್ಕೆ ಹೊರಟ, ಜರ್ಮನ್ ರಾಜ್ಯಗಳಲ್ಲೊಂದಾದ ಪ್ರಷ್ಯಾದ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಇದನ್ನು ಜಾರಿಗೆ ತಂದ. ತೀರಿಹೋಗಿದ್ದ ರಾಣಿ ಲೂಯಿಸಾಳ ಹುಟ್ಟಿದ ದಿನ, ಮಾರ್ಚ್ 10ನ್ನೇ ಆದೇಶದಲ್ಲಿ ಬರೆಸಿದ. ಚಿನ್ನವಿಲ್ಲ, ಹರಳಿಲ್ಲ. ಎರಕದ ಕಬ್ಬಿಣ, ಸುತ್ತ ಬೆಳ್ಳಿ ಅಂಚು, ಅಷ್ಟೇ. ಹುದ್ದೆ ನೋಡದೆ ಸಾಮಾನ್ಯ ಸಿಪಾಯಿಗೂ ಕೊಡುತ್ತಿದ್ದರು. ಆ ಕಾಲಕ್ಕೆ ಅದು ದೊಡ್ಡ ಮಾತು. ಯುದ್ಧ ಮುಗಿದ ಮೇಲೆ ನಿಂತುಹೋಯಿತು, 1870ರಲ್ಲಿ ಫ್ರಾನ್ಸ್ ಜೊತೆಗಿನ ಯುದ್ಧಕ್ಕೆ ಮತ್ತೆ ಬಂತು.

ಇಂದು ಜಾಸ್ತಿ ಕೈಗೆ ಸಿಗುವುದು 1914ರದ್ದು. ಮೇಲೆ ಕಿರೀಟ, ನಡುವೆ ‘ಡಬ್ಲ್ಯು’ ಅಕ್ಷರ, ಕೆಳಗೆ ಇಸವಿ. ಎರಡನೇ ದರ್ಜೆಯದ್ದನ್ನು ತಿರುಗಿಸಿದರೆ ಓಕ್ ಎಲೆಗಳು, 1813 ಎಂಬ ಅಂಕಿ. ಮೊದಲ ಮಹಾಯುದ್ಧದಲ್ಲಿ ಎರಡನೇ ದರ್ಜೆಯ ಪದಕವನ್ನೇ 50 ಲಕ್ಷಕ್ಕೂ ಹೆಚ್ಚು ಜನರಿಗೆ ಹಂಚಿದರು.

ಆ ಜನರಲ್ಲಿ ಯಹೂದಿಗಳೂ ಇದ್ದರು. ಜರ್ಮನ್ ಸೇನೆಯಲ್ಲಿ ಸುಮಾರು 1 ಲಕ್ಷ ಯಹೂದಿಗಳು ಹೋರಾಡಿದರು, ಸುಮಾರು 12 ಸಾವಿರ ಮಂದಿ ಸತ್ತರು. 1918ರಲ್ಲಿ ಹಿಟ್ಲರ್‌ಗೆ ಮೊದಲ ದರ್ಜೆಯ ಪದಕ ಸಿಕ್ಕಿದ್ದು ಹ್ಯೂಗೊ ಗುಟ್‌ಮನ್ ಎಂಬ ಯಹೂದಿ ಅಧಿಕಾರಿಯ ಶಿಫಾರಸಿನಿಂದ. 1933ರ ಏಪ್ರಿಲ್ 1ರಂದು ಯಹೂದಿ ಅಂಗಡಿಗಳಿಗೆ ಬಹಿಷ್ಕಾರ ಹಾಕಿದಾಗ ಕಲೋನ್‌ನ ರಿಚರ್ಡ್ ಸ್ಟರ್ನ್ ಐರನ್ ಕ್ರಾಸ್ ಧರಿಸಿ ತನ್ನ ಅಂಗಡಿ ಬಾಗಿಲಲ್ಲಿ ನಿಂತ. ಪಕ್ಕದಲ್ಲೇ ಕಾವಲಿಗೆ ನಾಜಿ ಪಡೆಯವನು. ಆ ಫೋಟೊ ಉಳಿದಿದೆ. ಯಹೂದಿಗಳ ಸಾಮೂಹಿಕ ಕೊಲೆಯ ಯೋಜನೆಗೆ ನಾಜಿ ಅಧಿಕಾರಿಗಳು ಸೇರಿದ್ದ 1942ರ ವಾನ್‌ಸೀ ಸಭೆಯ ದಾಖಲೆಯಲ್ಲಿ ಮೊದಲ ದರ್ಜೆಯ ಪದಕ ಪಡೆದ ಯಹೂದಿಗಳಿಗೆ ಒಂದು ‘ರಿಯಾಯಿತಿ’ ಇದೆ: ಅವರನ್ನು ಥೆರೇಸಿಯೆನ್‌ಸ್ಟಾಟ್ ಎಂಬ ಯಹೂದಿ ಬಂಧನದ ಊರಿಗೆ ಕಳಿಸಬೇಕು ಅಂತ. ಅಲ್ಲಿಂದ ಎಷ್ಟೋ ಜನರನ್ನು ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿದರು. ಈ ಪದಕದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದ್ರೋಹ ಇಲ್ಲ.

ಅಷ್ಟರಲ್ಲಿ, ಎರಡನೇ ಮಹಾಯುದ್ಧ ಶುರುವಾದ 1939ರಲ್ಲೇ, ಪದಕದ ನಡುವೆ ನಾಜಿ ಸ್ವಸ್ತಿಕ ಬಂದು ಕೂತಿತ್ತು. ಇವತ್ತಿನ ಗೊಂದಲಕ್ಕೆ ಮೂಲ ಅದೇ. ಪಶ್ಚಿಮ ಜರ್ಮನಿಯ 1957ರ ಕಾನೂನು ಹಳೆಯ ಸೈನಿಕರಿಗೆ ಪದಕ ಧರಿಸಲು ಬಿಟ್ಟಿತು, ಆದರೆ ಸ್ವಸ್ತಿಕ ಇರಕೂಡದು ಎಂದಿತು. ಅದರ ಜಾಗಕ್ಕೆ ಓಕ್ ಎಲೆ ವಾಪಸ್ ಬಂತು.

ಅಫ್ಘಾನಿಸ್ತಾನಕ್ಕೆ ಜರ್ಮನ್ ಸೈನಿಕರು ಹೋದ ಮೇಲೆ ಐರನ್ ಕ್ರಾಸನ್ನೇ ಮತ್ತೆ ತನ್ನಿ ಎಂಬ ಬೇಡಿಕೆ ಎದ್ದಿತು. 2008ರಲ್ಲಿ ಸರ್ಕಾರ ಬೇರೆ ಹೆಸರಿನ, ಬೇರೆ ರೂಪದ ಶೌರ್ಯ ಪದಕ ತಂದಿತು. 2009ರ ಜುಲೈನಲ್ಲಿ ಆಗಿನ ಚಾನ್ಸಲರ್ ಅಂಗೆಲಾ ಮರ್ಕೆಲ್ ಅದನ್ನು ಮೊದಲ ಬಾರಿ ನಾಲ್ವರು ಸೈನಿಕರಿಗೆ ತೊಡಿಸಿದರು. ಹಳೆಯದನ್ನು ಎಬ್ಬಿಸದಿದ್ದದ್ದೇ ಒಳ್ಳೆಯದಾಯಿತು.

ಹಳೆಯ ಪದಕ ಮನೆಯಲ್ಲಿದ್ದವರು ಅದರ ಜೊತೆಗಿನ ಪ್ರಮಾಣಪತ್ರವನ್ನು ಮಾತ್ರ ಬೇರೆ ಮಾಡಬಾರದು. 1914ರ ಪದಕದ ಮೇಲೆ ಸಾಮಾನ್ಯವಾಗಿ ಪಡೆದವನ ಹೆಸರು ಇರುವುದಿಲ್ಲ. ಕಾಗದ ಹೋದರೆ ಅದು ಯಾರ ಎದೆಯ ಮೇಲಿತ್ತು ಎಂದು ಹೇಳುವವರೇ ಇರುವುದಿಲ್ಲ.