ಲೆಟರ್‌ಬಾಕ್ಸಿಂಗ್ ಎಂದರೆ ಠಸ್ಸೆಯ ಆಟ

ಇಂಗ್ಲೆಂಡಿನ ಡೆವನ್ ಕಡೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರ ಪ್ರವಾಸ ಬರಹಗಳಲ್ಲಿ ‘ಲೆಟರ್‌ಬಾಕ್ಸಿಂಗ್’ ಎಂಬ ಪದ ಆಗಾಗ ಬರುತ್ತದೆ, ಬಂದಾಗೆಲ್ಲ ಬೇರೆ ಬೇರೆ ಅರ್ಥದಲ್ಲಿ ಬರುತ್ತದೆ. ಒಬ್ಬರಿಗೆ ಅದು ‘ಅಂಚೆಪೆಟ್ಟಿಗೆ ಆಟ’, ಇನ್ನೊಬ್ಬರಿಗೆ ‘ನಿಧಿಶೋಧ’, ಮತ್ತೊಬ್ಬರಿಗೆ ‘ಜಿಯೋಕ್ಯಾಶಿಂಗ್‌ನ ಇನ್ನೊಂದು ಹೆಸರು’ (ಅದು ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವ ಆಟ). ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ‘ಸ್ಟಾಂಪ್ ಸಂಗ್ರಹದ ಹವ್ಯಾಸ’ ಎಂಬ ವಿವರಣೆ. ಓದಿದವರು ಅಂಚೆಚೀಟಿ ಅಂಟಿಸಿದ ಆಲ್ಬಮ್ ನೆನೆದು ಸುಮ್ಮನಾಗುತ್ತಾರೆ. ಟಿವಿಯಲ್ಲಿ ಸಿನಿಮಾದ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿಗೂ ಇದೇ ಹೆಸರಿದೆ. ಬಾಗಿಲಿನಲ್ಲಿ ಕಾಗದ ತೂರಿಸುವ ಅಡ್ಡ ಗಂಡಿಯ ಹಾಗೆ ಚಿತ್ರ ಕಾಣುತ್ತದೆಂದು ಆ ಹೆಸರು ಬಂತು. ಅದರ ಗೊಡವೆ ಇಲ್ಲಿ ಬೇಡ. ನಾವು ಮಾತಾಡುತ್ತಿರುವುದು ಬಯಲಿನಲ್ಲಿ ಬಚ್ಚಿಟ್ಟ ಡಬ್ಬಿಯನ್ನು ಹುಡುಕಿ, ಅದರೊಳಗಿನ ಠಸ್ಸೆಯನ್ನು, ಅಂದರೆ ಮಸಿ ಹಚ್ಚಿ ಒತ್ತುವ ಅಚ್ಚನ್ನು, ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು ಬರುವ ಆಟದ ಬಗ್ಗೆ.

ಮೊದಲು ‘ಲೆಟರ್’ ಎಲ್ಲಿಂದ ಬಂತು ನೋಡೋಣ. ಡಾರ್ಟ್‌ಮೂರ್ ಎನ್ನುವುದು ಡೆವನ್‌ನ ಬೋಳು ಎತ್ತರದ ಸೀಮೆ. ನೆತ್ತಿಯಲ್ಲಿ ಗ್ರಾನೈಟ್ ಬಂಡೆ ಹೊತ್ತ ಗುಡ್ಡಗಳು, ನಡುನಡುವೆ ಜೌಗು. ಆ ಬಂಡೆಗುಡ್ಡಗಳಿಗೆ ಅಲ್ಲಿಯವರು ‘ಟಾರ್’ ಎನ್ನುತ್ತಾರೆ. 1854ರಲ್ಲಿ ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಗೈಡ್ ಉತ್ತರ ಡಾರ್ಟ್‌ಮೂರಿನ ಕ್ರಾನ್‌ಮಿಯರ್ ಪೂಲ್‌ನಲ್ಲಿ ಒಂದು ಬಾಟಲಿ ಇಟ್ಟ. ಅಷ್ಟು ದೂರ ಜೌಗು ತುಳಿದು ಬಂದವರು ತಮ್ಮ ಹೆಸರಿನ ಕಾರ್ಡನ್ನು ಅದರೊಳಗೆ ಹಾಕಿ ಹೋಗಲಿ ಎಂಬುದು ಅವನ ಎಣಿಕೆ. ಹೆಸರಿನಲ್ಲಿ ಕೊಳವಿದ್ದರೂ ಇಂದು ಅಲ್ಲಿರುವುದು ಕಪ್ಪು ಪೀಟ್ ಮಣ್ಣಿನ ಒಂದು ತಗ್ಗು. ಬಾಟಲಿಯ ಜಾಗಕ್ಕೆ ಮುಂದೆ ತಗಡಿನ ಪೆಟ್ಟಿಗೆ ಬಂತು, 1905ರಲ್ಲಿ ಸಹಿ ಹಾಕುವ ಪುಸ್ತಕ ಬಂತು. ಬಂದವರು ತಮ್ಮದೇ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಕಾರ್ಡನ್ನು ಪೆಟ್ಟಿಗೆಯಲ್ಲಿ ಬಿಡುವರು, ಅವರ ನಂತರ ಬಂದವರು ಅದನ್ನು ಊರಿಗೆ ಒಯ್ದು ಅಂಚೆಗೆ ಹಾಕುವರು. ಕಾರ್ಡು ಮನೆ ಸೇರಲು ಹಿಡಿದ ದಿನಗಳಿಂದ ಆ ಕಡೆ ಎಷ್ಟು ದಿನ ಯಾರೂ ಸುಳಿಯಲಿಲ್ಲ ಎಂದು ಊಹಿಸಬಹುದಿತ್ತು. ‘ಲೆಟರ್‌ಬಾಕ್ಸ್’ ಎಂಬ ಹೆಸರಿನ ಮೂಲ ಇಷ್ಟೇ. ಕಾಗದ ಬಿಡುವ ಪದ್ಧತಿ ಸವೆದುಹೋಗಿ ಬಹಳ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಹಾಗಾಗಿ ‘ಅಂಚೆಪೆಟ್ಟಿಗೆ ಆಟ’ ಎಂದು ಅನುವಾದಿಸಿದರೆ ಇಂದು ಆಟದಲ್ಲಿ ಇಲ್ಲದಿರುವುದನ್ನೇ ಎತ್ತಿ ಹಿಡಿದ ಹಾಗಾಗುತ್ತದೆ.

ಉಳಿದು ಬೆಳೆದದ್ದು ಠಸ್ಸೆ. ಗೊಂದಲದ ಬೇರು ಇರುವುದೂ ಇಲ್ಲೇ. ಇಂಗ್ಲಿಷಿನ ‘ಸ್ಟಾಂಪ್’ ಒಂದೇ ಪದ, ಕನ್ನಡದಲ್ಲಿ ಅದಕ್ಕೆ ನಾಲ್ಕಾರು ಮನೆಗಳಿವೆ. ಕಾಗದಕ್ಕೆ ಹಚ್ಚುವುದು ಅಂಚೆಚೀಟಿ. ಕರಾರು ಬರೆಯುವುದು ಛಾಪಾ ಕಾಗದದ ಮೇಲೆ. ಮನೆ ನೋಂದಣಿಗೆ ಕಟ್ಟುವುದು ಮುದ್ರಾಂಕ ಶುಲ್ಕ. ಕಚೇರಿಯ ಗುಮಾಸ್ತರು ಮಸಿಗೆ ಅದ್ದಿ ಒತ್ತುವುದು ಮೊಹರು ಅಥವಾ ಠಸ್ಸೆ. ಇಂಗ್ಲಿಷಿನಲ್ಲೂ ಮೂಲ ಅರ್ಥ ಒತ್ತುವುದೇ. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಕಾಗದದ ಮೇಲೆ ಒತ್ತಿದ ಅಚ್ಚಿಗೆ ‘ಸ್ಟಾಂಪ್’ ಎನ್ನುತ್ತಿದ್ದರು. 1840ರಲ್ಲಿ ಬ್ರಿಟನ್ನಿನಲ್ಲಿ ಅಂಟಿಸುವ ಚೀಟಿ ಬಂದಾಗ ಅದೇ ಹೆಸರು ಅದಕ್ಕೂ ದಾಟಿತು. ನಾವು ಹೊಸ ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಂಡು ಹಳೆಯದಕ್ಕೆ ‘ರಬ್ಬರ್ ಸ್ಟಾಂಪ್’ ಎಂದು ಎರಡು ಪದ ಖರ್ಚು ಮಾಡುತ್ತೇವೆ. ಮೊಹರು ಪಾರಸಿಯಿಂದ ಬಂದದ್ದು, ಅದಕ್ಕೆ ಸರ್ಕಾರಿ ಗತ್ತು ಅಂಟಿಕೊಂಡಿದೆ. ಮುದ್ರೆ ಎಂದರೆ ಭರತನಾಟ್ಯದವರು ಕೈ ನೋಡಿಕೊಳ್ಳುತ್ತಾರೆ. ಠಸ್ಸೆಗೆ ಈ ತೊಡಕುಗಳಿಲ್ಲ. ಮರಾಠಿಯ ‘ಠಸಾ’ದ ಬಳಗದ ಈ ಪದ ಒತ್ತುವ ಅಚ್ಚಿಗೂ ಒತ್ತಿದಾಗ ಮೂಡುವ ಗುರುತಿಗೂ ಸಲ್ಲುತ್ತದೆ. ಈ ಆಟಕ್ಕೆ ಬೇಕಿರುವುದು ಇಂಥದ್ದೇ ಪದ.

ಈಗ ಆಟದ ತಿರುಳು. ಯಾರೋ ಒಬ್ಬರು ಕೈಯಿಂದ ಕೆತ್ತಿದ ಠಸ್ಸೆಯೊಂದನ್ನು, ಒಂದು ಪುಟ್ಟ ಪುಸ್ತಕದ ಜೊತೆ, ನೀರು ಹೋಗದ ಡಬ್ಬಿಯಲ್ಲಿಟ್ಟು ಬಂಡೆಯ ಸಂದಿಯಲ್ಲೋ ಮರದ ಬುಡದಲ್ಲೋ ಬಚ್ಚಿಟ್ಟು ಸುಳಿವು ಬರೆದಿರುತ್ತಾರೆ. ಹುಡುಕಿ ಹೋಗುವ ಕುಟುಂಬದ ಬಳಿ ತಮ್ಮದೇ ಒಂದು ಠಸ್ಸೆ, ತಮ್ಮದೇ ಒಂದು ಪುಸ್ತಕ ಇರುತ್ತದೆ. ಡಬ್ಬಿಯ ಠಸ್ಸೆ ನಿಮ್ಮ ಪುಸ್ತಕದಲ್ಲಿ, ನಿಮ್ಮ ಠಸ್ಸೆ ಡಬ್ಬಿಯ ಪುಸ್ತಕದಲ್ಲಿ, ಪಕ್ಕದಲ್ಲಿ ತಾರೀಕು. ಅಲ್ಲಿಂದ ಮನೆಗೆ ಬರುವುದು ಗುರುತು ಮಾತ್ರ, ವಸ್ತು ಯಾವುದೂ ಅಲ್ಲ. ಡಬ್ಬಿಯಲ್ಲಿದ್ದ ಚಂದದ ಠಸ್ಸೆಯನ್ನು ‘ನೆನಪಿಗೆ’ ಜೇಬಿಗೆ ಹಾಕಿಕೊಂಡು ಬರುವವರಿದ್ದಾರೆ. ‘ನಿಧಿಶೋಧ’ ಎಂದು ಓದಿ ಹೋದವರಿಂದ ಆಗುವ ಅನಾಹುತ ಇದು. ನಿಧಿ ಸಿಕ್ಕವನ ಪಾಲಾಗುತ್ತದೆ, ಇಲ್ಲಿಯ ಠಸ್ಸೆ ಮುಂದೆ ಬರುವವರ ಪಾಲು. ಅದು ಹೋದರೆ ಉಳಿಯುವುದು ಬರಿಯ ಪ್ಲಾಸ್ಟಿಕ್ ಡಬ್ಬಿ.

ಆಡುವವರು ಸಾಮಾನ್ಯವಾಗಿ ಸ್ವಂತ ಹೆಸರು ಬರೆಯುವುದಿಲ್ಲ, ಆಟಕ್ಕೆಂದೇ ಇಟ್ಟುಕೊಂಡ ಹೆಸರನ್ನೂ ಠಸ್ಸೆಯನ್ನೂ ಬಳಸುತ್ತಾರೆ. ಇದನ್ನು ‘ಲೋಗೊ’, ‘ಸಿಗ್ನೇಚರ್ ಸ್ಟಾಂಪ್’ ಎಂದೆಲ್ಲ ಬರೆಯುವ ಬದಲು ಅಂಕಿತ ಎಂದರೆ ನಮಗೆ ತಟ್ಟನೆ ತಿಳಿಯುತ್ತದೆ. ‘ಕೂಡಲಸಂಗಮದೇವ’ ಎಂದು ಕಂಡರೆ ವಚನ ಯಾರದೆಂದು ಕೇಳಬೇಕಿಲ್ಲ, ‘ಪುರಂದರ ವಿಠಲ’ ಎಂದರೆ ಕೀರ್ತನೆ ಯಾರದೆಂದು ಹೇಳಬೇಕಿಲ್ಲ. ವಚನಕಾರರ ಅಂಕಿತಕ್ಕೆ ‘ಮುದ್ರಿಕೆ’ ಎಂಬ ಹೆಸರೂ ಇದೆ. ಹೆಸರು ಹೇಳದೆ ಗುರುತು ಒತ್ತುವ ಈ ಪದ್ಧತಿಗೆ ಅದಕ್ಕಿಂತ ಹತ್ತಿರದ ಮಾತು ಸಿಗಲಾರದು.

ಜಿಯೋಕ್ಯಾಶಿಂಗ್ ಬೇರೆ. ಅದರ ‘ಕ್ಯಾಶ್’ ದುಡ್ಡಲ್ಲ, ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳ ಮೊದಲಲ್ಲಿ ನಿಲ್ಲಿಸಿತು. ಅದಾದ ಒಂದೆರಡು ದಿನಗಳಲ್ಲೇ ಆರೆಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿದ. ಆ ಆಟ ಅಲ್ಲಿಂದ ಶುರು. ಅಲ್ಲಿ ಸುಳಿವು ಎಂದರೆ ಅಂಕಿಗಳು, ಡಬ್ಬಿಯೊಳಗಿನ ಆಟಿಕೆ ತೆಗೆದುಕೊಂಡರೆ ಬದಲಿಗೆ ಇನ್ನೊಂದು ಇಡಬೇಕು, ಪುಸ್ತಕದಲ್ಲಿ ಸಹಿ ಹಾಕಿದರೆ ಆಯಿತು. ಲೆಟರ್‌ಬಾಕ್ಸಿಂಗ್ ಅದಕ್ಕಿಂತ ಸುಮಾರು ಒಂದೂವರೆ ಶತಮಾನ ಹಿರಿಯದು. ಅಮೆರಿಕದಲ್ಲಿ ಅದು ಹಬ್ಬಿದ್ದು ಸ್ಮಿತ್ಸೋನಿಯನ್ ಪತ್ರಿಕೆಯ 1998ರ ಏಪ್ರಿಲ್ ಸಂಚಿಕೆಯಲ್ಲಿ ಡಾರ್ಟ್‌ಮೂರಿನ ಬಗ್ಗೆ ಲೇಖನ ಬಂದ ಮೇಲೆ. ಎರಡನ್ನೂ ಬೆರೆಸಿದ ಡಬ್ಬಿಗಳೂ ಇವೆ, ಜಿಯೋಕ್ಯಾಶಿಂಗ್‌ನವರು ಅವನ್ನು ‘ಲೆಟರ್‌ಬಾಕ್ಸ್ ಹೈಬ್ರಿಡ್’ ಎಂದು ಬೇರೆಯೇ ಗುರುತಿಸುತ್ತಾರೆ. ಬೇರೆ ಎಂದು ಅವರೇ ಒಪ್ಪಿರುವಾಗ ನಾವು ಒಂದೇ ಎಂದು ಬರೆಯುವುದು ಸರಿಯಲ್ಲ. ಜಿಯೋಕ್ಯಾಶಿಂಗ್ ರೂಢಿಯಲ್ಲಿ ಲೆಟರ್‌ಬಾಕ್ಸಿನೊಳಗೆ ಚಾಕಲೇಟು, ಬಳೆ, ನಾಣ್ಯ ಬಿಡಬೇಡಿ. ತಿಂಡಿಯ ವಾಸನೆಗೆ ಪ್ರಾಣಿಗಳು ಡಬ್ಬಿ ಕಡಿಯುತ್ತವೆ.

ಸುಳಿವಿನ ಭಾಷೆಯಲ್ಲಿ ಎರಡು ಪದಗಳು ಬಹಳ ಜನರ ದಾರಿ ತಪ್ಪಿಸುತ್ತವೆ. ಒಂದು ‘ಪೇಸ್’. ಇದನ್ನು ಕಣ್ಣು ಮುಚ್ಚಿ ‘ಹೆಜ್ಜೆ’ ಎಂದು ಮಾಡಿಕೊಳ್ಳುತ್ತೇವೆ. ರೋಮನ್ನರ ‘ಪಾಸುಸ್’ ಎಂದರೆ ಎಡಗಾಲು ಎತ್ತಿದಲ್ಲಿಂದ ಮತ್ತೆ ಎಡಗಾಲು ಊರುವವರೆಗಿನ ಜೋಡಿಹೆಜ್ಜೆ. ಅಂಥ ಸಾವಿರ ಸೇರಿದರೆ ಮೈಲಿ, ‘ಮೈಲ್’ ಪದ ಬಂದದ್ದೇ ಸಾವಿರ ಎಂಬುದರಿಂದ. ಇಂದಿಗೂ ಕೆಲವರು ಪೇಸ್ ಎಂದು ಬರೆಯುವುದು ಜೋಡಿಹೆಜ್ಜೆಯ ಲೆಕ್ಕದಲ್ಲಿ, ಕೆಲವರು ಒಂಟಿಹೆಜ್ಜೆಯ ಲೆಕ್ಕದಲ್ಲಿ. ದೊಡ್ಡವರ ಒಂಟಿಹೆಜ್ಜೆ ಸುಮಾರು 75 ಸೆಂ.ಮೀ., ಜೋಡಿ ಎಂದರೆ ಒಂದೂವರೆ ಮೀಟರ್. ‘40 ಪೇಸ್’ ಎಂದಿದ್ದರೆ ಅದು 30 ಮೀಟರೂ ಆಗಬಹುದು, 60 ಮೀಟರೂ ಆಗಬಹುದು. 30ರಲ್ಲಿ ಸಿಗದಿದ್ದರೆ ಬೈದುಕೊಂಡು ವಾಪಸಾಗದೆ ಅದೇ ದಿಕ್ಕಿನಲ್ಲಿ ಇನ್ನೂ ಅಷ್ಟೇ ನಡೆಯಿರಿ. ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಟ್ಟರೆ ಅವರ ಹೆಜ್ಜೆ ಎಷ್ಟು ಉದ್ದ ಎಂದು ಮನೆಯಲ್ಲೇ 20 ಮೀಟರ್ ಟೇಪು ಹಾಸಿ ಅಳೆದುಕೊಂಡಿರಿ.

ಇನ್ನೊಂದು ‘ಬೇರಿಂಗ್’. ಗಾಡಿಯ ಚಕ್ರದ ಬೇರಿಂಗ್ ಅಲ್ಲ, ಉತ್ತರದಿಂದ ಬಲಕ್ಕೆ ಎಣಿಸಿದ ಡಿಗ್ರಿ. ಡಾರ್ಟ್‌ಮೂರಿನ ಸುಳಿವುಗಳಲ್ಲಿ ‘ಚರ್ಚ್ ಗೋಪುರ 85, ಟಾರಿನ ತುದಿ 190’ ಎಂಬ ಥರದ ಜೋಡಿ ಸಾಮಾನ್ಯ. ಇದು ಡಬ್ಬಿಯ ಬಳಿ ನಿಂತು ಆ ಗುರುತುಗಳ ಕಡೆ ನೋಡಿದಾಗ ಸಿಗುವ ಅಂಕಿ. ಗೋಪುರದ ಬಳಿಗೆ ಹೋಗಿ ಅಲ್ಲಿಂದ 85 ಹಿಡಿದು ಹೊರಟರೆ ಡಬ್ಬಿಗೆ ಬೆನ್ನು ತಿರುಗಿಸಿ ನಡೆದಂತೆ. ಮಾಡಬೇಕಾದದ್ದು ಹೀಗೆ: ಗೋಪುರ ಸರಿಯಾಗಿ 85ರಲ್ಲಿ ಕಾಣುವ ಜಾಗಕ್ಕೆ ಬನ್ನಿ, ಆ ಅಂಕಿ ಕೆಡದಂತೆ ಅದೇ ಗೆರೆಯ ಮೇಲೆ ಹಿಂದೆ ಮುಂದೆ ಸರಿಯುತ್ತ ಟಾರಿನ ತುದಿ 190ಕ್ಕೆ ಬರುವಲ್ಲಿ ನಿಲ್ಲಿ, ಸುತ್ತ ಹುಡುಕಿ. 500 ಮೀಟರ್ ದೂರದ ಗುರುತಿನಲ್ಲಿ ಒಂದು ಡಿಗ್ರಿ ತಪ್ಪಿದರೆ ನೆಲದ ಮೇಲೆ ಸುಮಾರು 9 ಮೀಟರ್ ತಪ್ಪುತ್ತದೆ. ಆದ್ದರಿಂದ ಹತ್ತಿರದ ಗುರುತನ್ನು ಹೆಚ್ಚು ನಂಬಿ. ಮೊಬೈಲಿನ ದಿಕ್ಸೂಚಿ ಬಳಸುವುದಾದರೆ ಅಯಸ್ಕಾಂತದ ಮುಚ್ಚಳವಿರುವ ಕವರು ತೆಗೆಯಿರಿ, ಕಾರಿನಿಂದಲೂ ತಂತಿಬೇಲಿಯಿಂದಲೂ ದೂರ ನಿಲ್ಲಿ.

ಠಸ್ಸೆ ಕೆತ್ತುವುದು ಹೊರಡುವ ಮುಂಚಿನ ವಾರದ ಕೆಲಸ. 5 ಸೆಂ.ಮೀ. ಚೌಕದ, ಒಂದು ಸೆಂ.ಮೀ. ದಪ್ಪದ ಕೆತ್ತನೆ ರಬ್ಬರು ಸಾಕು, ಇಲ್ಲವೇ ದೊಡ್ಡ ಬಿಳಿ ಪ್ಲಾಸ್ಟಿಕ್ ಎರೇಸರ್. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಚಿತ್ರವನ್ನು ನೆಟ್ಟಗೇ ಬರೆದು, ಕಾಗದ ಬೋರಲು ಹಾಕಿ ಉಗುರಿನಿಂದ ಉಜ್ಜಿ. ರಬ್ಬರಿನ ಮೇಲೆ ಅದು ತಿರುಗುಮುರುಗಾಗಿ ಕೂರುತ್ತದೆ, ಒತ್ತಿದಾಗ ಸರಿಯಾಗಿ ಬರುತ್ತದೆ. ನೇರವಾಗಿ ರಬ್ಬರಿನ ಮೇಲೇ ಬರೆದವರ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಮೂಡುತ್ತದೆ. ಕನ್ನಡ ಅಕ್ಷರ ಕೆತ್ತಲು ಆಸೆಯಿದ್ದರೆ ಅಕ್ಷರ ಎರಡು ಸೆಂ.ಮೀ. ಎತ್ತರಕ್ಕಿಂತ ಚಿಕ್ಕದಾಗಬಾರದು, ಒತ್ತಕ್ಷರ ಬೇಡ. ನಮ್ಮ ಲಿಪಿಯ ಪುಟ್ಟ ಸುರುಳಿಗಳ ಹೊಟ್ಟೆಯಲ್ಲಿ ಮಸಿ ತುಂಬಿಕೊಂಡು ‘ಕ್ಷ್ಮಿ’ಯಂಥದ್ದು ಬರಿಯ ಮಚ್ಚೆಯಾಗುತ್ತದೆ. ‘ಠ’, ‘ರ’, ‘ಗ’ ಸುಲಭ.

ಸಣ್ಣ ವಿ ಆಕಾರದ ಉಳಿಯಿಂದ ಅಂಚು, ಅಗಲ ಉಳಿಯಿಂದ ಬಯಲು, ಆಳ ಎರಡು ಮೂರು ಮಿ.ಮೀ. ಉಳಿಯನ್ನು ತಿರುಗಿಸಬೇಡಿ, ರಬ್ಬರನ್ನು ತಿರುಗಿಸಿ. ಗೆರೆಯ ಗೋಡೆ ಕೆಳಕ್ಕೆ ಹೋದಂತೆ ಅಗಲವಾಗಬೇಕು. ಬುಡ ಕೊರೆದುಬಿಟ್ಟರೆ ಗೆರೆ ಬಳುಕಿ ನಾಲ್ಕು ಒತ್ತಿಗೇ ಹರಿಯುತ್ತದೆ. ಚಿಕ್ಕ ಮಕ್ಕಳು ಚಿತ್ರ ಬರೆಯಲಿ, ಉಳಿ ದೊಡ್ಡವರ ಕೈಯಲ್ಲಿರಲಿ. ಮಸಿ ಹಾಕುವಾಗ ಠಸ್ಸೆಯನ್ನು ಮಸಿಪ್ಯಾಡಿಗೆ ಅದುಮಿದರೆ ಬಯಲಿಗೂ ಮಸಿ ಹತ್ತುತ್ತದೆ. ಠಸ್ಸೆಯನ್ನು ಮೇಲ್ಮುಖವಾಗಿ ಹಿಡಿದು ಪ್ಯಾಡಿನಿಂದ ಅದರ ಮೇಲೆ ಹಗುರಾಗಿ ತಟ್ಟಬೇಕು. ಪಿಗ್ಮೆಂಟ್ ಮಸಿ ಗಾಢ, ಆದರೆ ಒಣಗಲು ನಿಧಾನ, ಪುಸ್ತಕ ಮುಚ್ಚುವ ಮುಂಚೆ ಹಾಳೆಯ ನಡುವೆ ಒಂದು ಚೂರು ಕಾಗದ ಇಡಿ. ಪುಸ್ತಕದ ಹಾಳೆ ದಪ್ಪವಿರಲಿ, ಗೆರೆ ಇಲ್ಲದಿರಲಿ. ಡಬ್ಬಿಯಲ್ಲಿ ಮಸಿ ಇರುತ್ತದೆಂದು ನಂಬಿ ಹೋಗಬೇಡಿ.

ಎಂಟರಿಂದ ಹನ್ನೆರಡು ವಯಸ್ಸಿನ ಮಕ್ಕಳಿದ್ದರೆ ದಿನಕ್ಕೆ ಮೂರು ನಾಲ್ಕು ಡಬ್ಬಿ, ನಾಲ್ಕೈದು ಕಿಲೋಮೀಟರ್ ನಡಿಗೆ ಸಾಕು. ಹುಡುಕಿ, ಒತ್ತಿ, ಒರೆಸಿ ಮತ್ತೆ ಇಡಲು ಒಂದೊಂದಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಡಾರ್ಟ್‌ಮೂರಿನ ಹೇಟಾರ್ ಎಂಬ ಬಂಡೆಗುಡ್ಡದ ಸುತ್ತ ಕಾರು ನಿಲ್ಲಿಸಲು ಜಾಗವಿದೆ, ಟಾರುಗಳು ದೂರದಿಂದಲೇ ಕಾಣುತ್ತವೆ. ಆಟ ಹುಟ್ಟಿದ ಜಾಗವೆಂದು ಕ್ರಾನ್‌ಮಿಯರ್ ಪೂಲಿಗೇ ಮಕ್ಕಳನ್ನು ಎಳೆದೊಯ್ಯುವುದು ತಪ್ಪು. ಅದು ಜೌಗಿನ ನಡುವೆ ಇದೆ, ಮೇಲಾಗಿ ಸೇನೆಯ ಓಕ್‌ಹ್ಯಾಂಪ್ಟನ್ ಗುಂಡಿನಭ್ಯಾಸದ ವಲಯದೊಳಗಿದೆ. ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡುವಂತಿಲ್ಲ, ಹೊರಡುವ ಮುಂಚೆಯೇ ಅಭ್ಯಾಸದ ವೇಳಾಪಟ್ಟಿ ನೋಡಿರಬೇಕು. ನೆಲದಲ್ಲಿ ಬಿದ್ದ ಲೋಹದ ಚೂರು ಯಾವುದನ್ನೂ ಮುಟ್ಟಬಾರದು. ಬೇಸಿಗೆಯಲ್ಲಿ ಜರೀಗಿಡ ಎದೆಮಟ್ಟ ಬೆಳೆದು ಸಂದಿಗಳನ್ನು ಮುಚ್ಚುತ್ತದೆ, ರಕ್ತ ಹೀರುವ ಉಣ್ಣಿ ಹತ್ತುತ್ತದೆ, ಸಂಜೆ ಮಕ್ಕಳ ಮಂಡಿಯ ಹಿಂಭಾಗ ನೋಡಿ. ಬ್ರಿಟನ್ನಿನ ಒಂದೇ ವಿಷದ ಹಾವು ಆ್ಯಡರ್ ಇಲ್ಲಿಯೂ ಇದೆ, ಬಂಡೆ ಸಂದಿಗೆ ಮೊದಲು ಕೋಲು ಹೋಗಲಿ, ಆಮೇಲೆ ಕೈ. ಪುರಾತನ ಕಲ್ಸಾಲು, ಕಲ್ಗುಪ್ಪೆ, ಗೋಡೆಗಳಲ್ಲಿ ಡಬ್ಬಿ ಇಡಕೂಡದೆಂಬುದು ಅಲ್ಲಿಯ ನಿಯಮ. ಸುಳಿವು ಅಲ್ಲಿಗೇ ಕರೆದೊಯ್ದಂತೆ ಕಂಡರೆ ಲೆಕ್ಕ ತಪ್ಪಿದೆ, ಕಲ್ಲು ಕೀಳಬೇಡಿ.

ಸಿಕ್ಕ ಮೇಲೆ ಡಬ್ಬಿಯನ್ನು ಹಿಡಿದುಕೊಂಡು ಹತ್ತು ಹನ್ನೆರಡು ಹೆಜ್ಜೆ ಆಚೆ ಹೋಗಿ ಕುಳಿತು ಒತ್ತಿ, ದಾರಿಹೋಕರಿಗೆ ಜಾಗ ಗೊತ್ತಾಗುವುದಿಲ್ಲ. ಒಳಗೆ ಇನ್ನೊಂದು ಪುಟ್ಟ ಪೊಟ್ಟಣದಲ್ಲಿ ಬೇರೆ ಠಸ್ಸೆ ಪುಸ್ತಕ ಇದ್ದರೆ ಅದು ‘ಹಿಚ್‌ಹೈಕರ್’. ಅದನ್ನು ಮಾತ್ರ ಒಯ್ಯಬಹುದು, ಆದರೆ ಮುಂದಿನ ಡಬ್ಬಿಯಲ್ಲಿ ಬಿಡಲು, ಮನೆಗಲ್ಲ. ಠಸ್ಸೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಹಾಕಿ. ಡಬ್ಬಿಗಳು ನೀರು ಕುಡಿಯುವುದು ಬಿರುಕಿನಿಂದಲ್ಲ, ಬಹುಪಾಲು ಮುಚ್ಚಳದ ಅಂಚಿನಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲದ ಮೂಲೆಯಿಂದ. ಮುಚ್ಚಿದ ಮೇಲೆ ಸುತ್ತ ಬೆರಳಾಡಿಸಿ, ನಾಲ್ಕೂ ಕ್ಲಿಪ್ಪು ಕೂತದ್ದು ಕೇಳಿಸಿಕೊಂಡು, ಮೊದಲು ಇದ್ದ ಸಂದಿಯಲ್ಲೇ, ಮೊದಲು ಇದ್ದ ಮುಖವಾಗಿಯೇ ಇಡಿ. ‘ಇನ್ನೂ ಚೆನ್ನಾಗಿ ಬಚ್ಚಿಡೋಣ’ ಎಂದು ಅರ್ಧ ಮೀಟರ್ ಸರಿಸಿದರೆ ಸುಳಿವಿನ ಅಂಕಿಗಳೆಲ್ಲ ಸುಳ್ಳಾಗುತ್ತ ಹೋಗುತ್ತವೆ, ಮುಂದಿನವರು ಇನ್ನರ್ಧ ಮೀಟರ್ ಸರಿಸುತ್ತಾರೆ. ಪುಸ್ತಕ ನೆನೆದಿತ್ತು, ಠಸ್ಸೆ ಇರಲಿಲ್ಲ ಎಂದಾದರೆ ಸುಳಿವು ಬರೆದವರಿಗೆ ಅಂದೇ ತಿಳಿಸಿ.