300 ಎಂಬಿಪಿಎಸ್ ಇದ್ದರೂ ಪಿಂಗ್ ಏಕೆ ಇಳಿಯುವುದಿಲ್ಲ?

ಪ್ರಶ್ನೆ: ಮನೆಗೆ 300 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇನೆ. ವ್ಯಾಲರಂಟ್ ಆಡುವಾಗ ಪಿಂಗ್ ಮೊದಲಿನಷ್ಟೇ ಇದೆ. 500 ಎಂಬಿಪಿಎಸ್ ಪ್ಲ್ಯಾನ್ ತೆಗೆದುಕೊಳ್ಳಲೇ?

ಬೇಡ. ಇದು ಎಷ್ಟನೆಯ ಸಲವೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ಹುಬ್ಬಳ್ಳಿಗೆ ಒಂದು ಲಗ್ನಪತ್ರಿಕೆ ಕಳಿಸಬೇಕಿದೆ. ಬೈಕಿನ ಬದಲು ಹತ್ತು ಚಕ್ರದ ಲಾರಿ ಹಿಡಿದರೆ ಅದು ಬೇಗ ಮುಟ್ಟುತ್ತದೆಯೇ? ಎಂಬಿಪಿಎಸ್ ಎಂದರೆ ಲಾರಿಯಲ್ಲಿ ಎಷ್ಟು ಸರಕು ಹಿಡಿಯುತ್ತದೆ ಎಂಬುದು. ಆಟ ಕಳಿಸುವುದು ಬರೀ ಪತ್ರಿಕೆಗಳನ್ನು, ಅದಕ್ಕೆ ಒಂದೆರಡು ಎಂಬಿಪಿಎಸ್ ಧಾರಾಳ. ಪಿಂಗ್ ಎಂದರೆ ಹೋಗಿ ಬರುವ ಹೊತ್ತು. ಫೈಬರಿನ ಗಾಜಿನ ಎಳೆಯೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬೈ ಸರ್ವರಿಗೆ ರಸ್ತೆಗುಂಟ ಸುಮಾರು 1,000 ಕಿ.ಮೀ.; ಹೋಗಿಬರಲು 10 ಮಿಲಿಸೆಕೆಂಡ್. ಸಿಂಗಪುರವಾದರೆ ನೇರ ಗೆರೆ ಎಳೆದರೂ 30 ದಾಟುತ್ತದೆ. ನೀವು ಎಷ್ಟೇ ದುಡ್ಡು ಸುರಿದರೂ ಬೆಳಕು ಜಗ್ಗುವುದಿಲ್ಲ. ಇದರ ಮೇಲೆ ಬೀಳುವ ಹೆಚ್ಚುವರಿ ಹೊತ್ತಿನಲ್ಲಿ ಬಹುಪಾಲು ಸುತ್ತುದಾರಿಯದು. ಅದನ್ನು ತಗ್ಗಿಸಲೆಂದೇ ವ್ಯಾಲರಂಟ್ ತಯಾರಿಸಿದ ರಾಯಟ್ ಕಂಪನಿ ತನ್ನದೇ ಜಾಲವನ್ನು ಕಟ್ಟಿಕೊಂಡಿದೆ.

"ನನ್ನ ಗೆಳೆಯನಿಗೆ ದೊಡ್ಡ ಪ್ಲ್ಯಾನಿನಿಂದ ಕಡಿಮೆಯಾಯಿತಲ್ಲ!" ಎಂದು ಒಬ್ಬರಾದರೂ ಬರೆಯುತ್ತೀರಿ. ಆಗಿರಬಹುದು, ಆದರೆ ಕಾರಣ ಬೇರೆ. ನಮ್ಮ ಮನೆಯಲ್ಲಿ 24 ಇರುವ ಪಿಂಗ್, ಮಗಳ ಫೋನು ಮದುವೆಮನೆಯ ವಿಡಿಯೊಗಳನ್ನು ಬ್ಯಾಕಪ್ ಮಾಡತೊಡಗಿದೊಡನೆ 300ಕ್ಕೆ ಜಿಗಿಯುತ್ತಿತ್ತು. ರೂಟರಿನೊಳಗೆ ವಿಡಿಯೊದ ತುಣುಕುಗಳು ಸಾಲುಗಟ್ಟಿ, ನನ್ನ ಆಟದ ಪತ್ರಿಕೆ ಆ ಸಾಲಿನ ಬಾಲದಲ್ಲಿ ನಿಲ್ಲುತ್ತಿತ್ತು. ಅಪ್‌ಲೋಡ್ ವೇಗ ಹೆಚ್ಚಿದರೆ ಸಾಲು ಬೇಗ ಕರಗುತ್ತದೆ, ನಿಜ. ಆದರೆ ರೂಟರಿನಲ್ಲಿ ಎಸ್‌ಕ್ಯೂಎಂ ಎಂಬ, ಸಾಲು ಬೆಳೆಯದಂತೆ ನೋಡಿಕೊಳ್ಳುವ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿ, ಮಿತಿಯನ್ನು ನಿಮ್ಮ ನಿಜವಾದ ವೇಗಕ್ಕಿಂತ ತುಸು ಕೆಳಗಿಡಿ. ಖರ್ಚಿಲ್ಲದೆ ಅದೇ ಕೆಲಸವಾಗುತ್ತದೆ. ವೈಫೈ ಬಿಟ್ಟು ಕೇಬಲ್ ಎಳೆಯಿರಿ ಎಂದು ಮತ್ತೆ ಹೇಳಬೇಕೆ?

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಗೋಡೆಯ ಮರೆಗೆ ಸರಿದ ಮೇಲೂ ಗುಂಡು ತಗುಲಿ ಸತ್ತಾಗ ನೀವು ಬೈಯುವುದು ನಿಮ್ಮ ಇಂಟರ್ನೆಟ್ಟನ್ನೇ. ಎದುರಾಳಿಯ ಪಿಂಗ್ 80 ಎಂದುಕೊಳ್ಳಿ. ಅವನ ಪರದೆಯಲ್ಲಿ ನೀವಿನ್ನೂ ಬಯಲಲ್ಲೇ ಇದ್ದೀರಿ, ಗುರಿಯಿಟ್ಟು ಹೊಡೆದ. ಗುಂಡಿನ ಸುದ್ದಿ ಬಂದಾಗ ಸರ್ವರು ಆಟವನ್ನು ಅವನು ಕಂಡ ಆ ಗಳಿಗೆಗೆ ಹಿಂದಿರುಗಿಸಿ ನೋಡುತ್ತದೆ: ತಲೆಗೇ ಬಿದ್ದಿದೆ. ಹೀಗೆ ಮಾಡದಿದ್ದರೆ ದೂರದಿಂದ ಆಡುವವರೆಲ್ಲ ಓಡುವವನ ಮುಂದಿನ ಗಾಳಿಗೆ ಗುಂಡು ಹೊಡೆಯಬೇಕಾಗುತ್ತಿತ್ತು. ನಿಮ್ಮ ಪಿಂಗ್ 10 ಇದ್ದರೂ ಆ ಗುಂಡು ತಗುಲುತ್ತಿತ್ತು.